ಸ್ತೋತ್ರ ಅನ್ನಾಕ ನಾಚಿಕಿ ಯಾಕ?

ಹ್ವಾದ ತಿಂಗಳ ನಮ್ಮ ಮನಿಯವರು ಬೈಪಾಸ್ ಮಾಡಿಸ್ಕೊಂಡು ಮನಿಗೆ ಬಂದ್ರು. ಬಾಜೂ ಮನಿ ಅಕ್ಕಾರು ನೋಡಾಕ ಬಂದು, "ದೇವ್ರು ದೊಡ್ಡಾಂವ ರೀ" ಅಂದ್ರು. ನಾ ಬರೇ "ಡಾಕ್ಟರ್ ಚಲೋ ಇದ್ರು" ಅಂದೆ. ದವಾಖಾನಿ ಮೆಟ್ಟಲ ಮ್ಯಾಲ ಕುಂತು ರಾತ್ರಿ ಪೂರಾ ಯೇಸುಸ್ವಾಮಿನ್ನ ಕರದಾಕಿ ನಾನ! ಬೇಡೂಮುಂದ ಇರಲಾರದ ನಾಚಿಕಿ ಸ್ತೋತ್ರ ಹೇಳೂಮುಂದ ಬಂತು.

ಲೂಕನ 17ನೇ ಅಧ್ಯಾಯದಾಗ ಹತ್ತು ಮಂದಿ ಕುಷ್ಠರೋಗಿಗಳು ಶುದ್ಧ ಆದ್ರು. ತಿರುಗಿ ಬಂದಾಂವ ಒಬ್ಬ ಸಮಾರ್ಯದಾಂವ, ಅದೂ ಜೋರು ದನಿಲೆ ದೇವರನ್ನ ಕೊಂಡಾಡಿಕೋತ. "ಬಾಗಲಾ ಹಾಕ್ಕೊಂಡು ಪ್ರಾರ್ಥನಾ ಮಾಡ್ರಿ ಅಂತನೂ ಬರದೈತಲ್ಲ?" ಅಂತ ನನ್ನ ಮಗ ವಾದ ಹಾಕ್ತಾನ. ಅದು ಮಂದಿಗೆ ತೋರ್ಸಾಕ ಮಾಡೋರಿಗೆ ಹೇಳಿದ್ದು. ನಾ ಬಾಯಿ ಮುಚ್ಚಿದ್ದು ಮಂದಿಗೆ ಅಂಜಿ.

ನಿನ್ನೆ ಉಪ್ಪಿಟ್ಟು ತಗೊಂಡು ಅಕ್ಕಾರ ಮನಿಗೆ ಹ್ವಾದೆ. "ಅವತ್ತ ಅರ್ಧಾ ಹೇಳಿದ್ದೆ ರೀ. ದೇವರಿಗೆ ಸ್ತೋತ್ರ" ಅಂದೆ. "ಮದ್ಲ ಒಳಗ ಬರ್ರಿ" ಅಂದ್ರು.