ರಜೆ ಮುಗಿದರೂ ಕಾಯಿಲೆ ಮುಗಿಯದಿದ್ದರೆ

ಕ್ಷಯರೋಗ ಬಂದವರು ಸಾಮಾನ್ಯವಾಗಿ 6 ತಿಂಗಳು ಮಾತ್ರೆ ನುಂಗಬೇಕು. ಆಂಧ್ರಪ್ರದೇಶದ 1988ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ ಕಾಯಿಲೆಗೆಂದು ಕೊಡುವ ಸಂಬಳಸಹಿತ ರಜೆ ವರ್ಷಕ್ಕೆ 12 ದಿನ. ಕಾರ್ಖಾನೆಗಳ 1948ರ ಕಾಯ್ದೆಯಲ್ಲಂತೂ ಕಾಯಿಲೆಯ ಹೆಸರಿನ ರಜೆಯೇ ಇರಲಿಲ್ಲ. ವರ್ಷಕ್ಕೆ 240 ದಿನ ದುಡಿದವರಿಗೆ 20 ದಿನಕ್ಕೊಂದರಂತೆ ಗಳಿಕೆ ರಜೆ ಸಿಗುತ್ತಿತ್ತು. ಮದುವೆ, ಜಾತ್ರೆ, ಜ್ವರ ಎಲ್ಲಕ್ಕೂ ಅದೇ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳು 240 ದಿನದ ಷರತ್ತನ್ನು 180ಕ್ಕೆ ಇಳಿಸಿದವು, ಕಾಯಿಲೆ ರಜೆಯನ್ನು ಸೇರಿಸುವ ಗೋಜಿಗೆ ಹೋಗಲಿಲ್ಲ. ಹಾಗಾದರೆ ರಜೆ ತೀರಿದ ಮರುದಿನವೂ ಹಾಸಿಗೆಯಿಂದ ಏಳಲಾಗದವರ ಗತಿ ಏನು? ನಮ್ಮ ಕಡೆ ಇದನ್ನು ಶಿಸ್ತಿನ ಪ್ರಶ್ನೆ ಎಂದು ನೋಡುವುದೇ ರೂಢಿಯಾಗಿದೆ. ಇದು ವಿಮೆಯ ಪ್ರಶ್ನೆ, ಹಾಗೆಯೇ ಬಗೆಹರಿಯಬೇಕು ಎಂಬುದು ನನ್ನ ವಾದ. ರಾಯದುರ್ಗ, ಕಣೇಕಲ್ಲು, ಮಡಕಶಿರಾದಂಥ ಗಡಿ ಊರುಗಳಲ್ಲಿ ಆ ವಿಮೆಯ ಬಾಗಿಲು ತೆರೆಯಬೇಕಾದದ್ದು ಸರ್ಕಾರ.

ಊರಿನ ಒಳಗೇ ಇರುವ ಅಂತರವನ್ನು ಮೊದಲು ನೋಡೋಣ. ಕಣೇಕಲ್ಲಿನ ಸರ್ಕಾರಿ ಶಾಲೆಯ ಮೇಷ್ಟ್ರಿಗೆ ವರ್ಷಕ್ಕೆ 20 ದಿನದಂತೆ ಅರ್ಧ ಸಂಬಳದ ರಜೆ ಜಮೆಯಾಗುತ್ತದೆ. ವೈದ್ಯರ ಪ್ರಮಾಣಪತ್ರ ಕೊಟ್ಟರೆ ಅದನ್ನು ಪೂರ್ತಿ ಸಂಬಳದ ರಜೆಯಾಗಿ ಬದಲಿಸಿಕೊಳ್ಳಬಹುದು. ಅದೂ ಮುಗಿದರೆ ಸಂಬಳ ನಿಲ್ಲುತ್ತದೆ, ನೌಕರಿ ಮಾತ್ರ ಉಳಿಯುತ್ತದೆ, ಏಕೆಂದರೆ ಅಸಾಧಾರಣ ರಜೆ ಎಂಬುದೊಂದಿದೆ. ಅದೇ ಮೇಷ್ಟ್ರ ವಿದ್ಯಾರ್ಥಿಯಾಗಿದ್ದವನು ಇಂದು ರಾಯದುರ್ಗದ ಜೀನ್ಸ್ ಹೊಲಿಗೆ ಶೆಡ್ಡಿನಲ್ಲಿದ್ದರೆ ಅವನಿಗೆ ಮುಗಿಯುವುದಕ್ಕೂ ರಜೆಯಿಲ್ಲ. ಅಲ್ಲಿ ಒಬ್ಬ ಜೇಬು ಕೂರಿಸುತ್ತಾನೆ, ಇನ್ನೊಬ್ಬ ಜಿಪ್ ಹಾಕುತ್ತಾನೆ, ಮತ್ತೊಬ್ಬ ಸೊಂಟಪಟ್ಟಿ ಹೊಲಿಯುತ್ತಾನೆ. ಉಳಿದ ದಾರದ ತುದಿ ಕತ್ತರಿಸುವ ಕೆಲಸ ಹೆಂಗಸರದು. ಎಲ್ಲರ ಕೂಲಿಯೂ ಪೀಸಿನ ಲೆಕ್ಕ. ಬಟವಾಡೆಯ ದಿನ ನೋಟ್‌ಬುಕ್ಕಿನಲ್ಲಿ ಅವರವರ ಹೆಸರಿನ ಮುಂದೆ ಎಷ್ಟು ಪೀಸು ಇದೆಯೋ ಅಷ್ಟೇ ದುಡ್ಡು. ಜ್ವರ ಬಂದ ದಿನದ ಮನೆ ಖಾಲಿ ಇರುತ್ತದೆ, ಅದನ್ನು ಗೈರುಹಾಜರಿ ಎಂದು ಬರೆದುಕೊಳ್ಳುವ ತೊಂದರೆಯನ್ನೂ ಯಾರೂ ತೆಗೆದುಕೊಳ್ಳುವುದಿಲ್ಲ. ನಾಲ್ಕು ದಿನ ಕಳೆಯುವಷ್ಟರಲ್ಲಿ ಆ ಮಷಿನ್ ಮುಂದೆ ಇನ್ನೊಬ್ಬ ಕೂತಿರುತ್ತಾನೆ. ಮಡಕಶಿರಾ ಕಡೆಯಿಂದ ಹಿಂದೂಪುರದ ಗಾರ್ಮೆಂಟ್ ಕಾರ್ಖಾನೆಗಳಿಗೆ ಹೋಗುವ ಹೆಣ್ಣುಮಕ್ಕಳ ಸ್ಥಿತಿ ಇದಕ್ಕಿಂತ ವಾಸಿ. ಅಲ್ಲಿ ಹಾಜರಿ ಪುಸ್ತಕ ಇರುತ್ತದೆ, ಕಾನೂನು ಹಿಡಿಯಲು ಒಂದು ಕೊಂಡಿ ಸಿಗುತ್ತದೆ.

ಆ ಕಾನೂನು ಏನು ಹೇಳುತ್ತದೆ? 1946ರ ಸ್ಥಾಯೀ ಆದೇಶಗಳ ಕಾಯ್ದೆಯಡಿ ಬಂದ ಮಾದರಿ ನಿಯಮದ ಪ್ರಕಾರ, ಮಂಜೂರಾದ ರಜೆ ಮುಗಿದ 8 ದಿನದೊಳಗೆ ಮರಳಿ ಬಂದು ಸಮಾಧಾನಕರ ಕಾರಣ ಕೊಡದ ಕಾರ್ಮಿಕ ತನ್ನ ಹುದ್ದೆಯ ಹಕ್ಕು ಕಳೆದುಕೊಳ್ಳುತ್ತಿದ್ದ. ಎಷ್ಟೋ ಕಾರ್ಖಾನೆಗಳು ಇದನ್ನು ತಾನಾಗಿಯೇ ಕೆಲಸ ಹೋದಂತೆ ಎಂದು ಓದಿಕೊಂಡವು. ಡಿ.ಕೆ. ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1993ರಲ್ಲಿ ಈ ಓದನ್ನು ತಳ್ಳಿಹಾಕಿತು. ಎಂಟು ದಿನ ಬರಲಿಲ್ಲ ಎಂಬ ಒಂದೇ ನೆಪಕ್ಕೆ, ವಿಚಾರಣೆಯಿಲ್ಲದೆ ಹೆಸರು ಹೊಡೆದುಹಾಕುವುದು ಜೀವನೋಪಾಯದ ಹಕ್ಕಿಗೇ ಧಕ್ಕೆ ಎಂದಿತು. ಕೃಷ್ಣಕಾಂತ್ ಪರ್ಮಾರ್ ಪ್ರಕರಣದಲ್ಲಿ 2012ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಕಾಯಿಲೆ, ಅಪಘಾತ, ಆಸ್ಪತ್ರೆವಾಸದಂಥ ಅನಿವಾರ್ಯ ಕಾರಣಕ್ಕೆ ಬಾರದಿದ್ದರೆ ಅದು ಬೇಕೆಂದೇ ಮಾಡಿದ ಗೈರುಹಾಜರಿಯಲ್ಲ, ದುರ್ನಡತೆಯೂ ಅಲ್ಲ. ತೀರ್ಪುಗಳು ಚೆನ್ನಾಗಿವೆ. ಆದರೆ ಯಾದವ್ ಹೆಸರು ಹೊಡೆದದ್ದು 1980ರ ಡಿಸೆಂಬರಿನಲ್ಲಿ, ನ್ಯಾಯ ಸಿಕ್ಕಿದ್ದು ಹನ್ನೆರಡು ವರ್ಷ ದಾಟಿದ ಮೇಲೆ, ಅದೂ ಅರ್ಧ ಹಿಂಬಾಕಿಯೊಂದಿಗೆ. ಪೀಸ್ ಲೆಕ್ಕದ ಹೊಲಿಗೆಯವನು ದೆಹಲಿಯವರೆಗೆ ಹೋಗಿ ಬರುವ ಮಾತು ಯಾರೂ ಆಡಲಾರರು. ಮೇಲಾಗಿ ಹೊಸ ಸಂಹಿತೆಗಳಲ್ಲಿ ಸ್ಥಾಯೀ ಆದೇಶಗಳು ಕಡ್ಡಾಯವಾಗುವುದು 300 ಮತ್ತು ಹೆಚ್ಚು ಕಾರ್ಮಿಕರಿರುವ ಕಡೆ ಮಾತ್ರ.

ಹೀಗಾಗಿ ಕೋರ್ಟಿಗಿಂತ ಹತ್ತಿರದ ದಾರಿ ಬೇಕು. ಅದು ಹೊಸದಾಗಿ ಕಂಡುಹಿಡಿಯಬೇಕಾದದ್ದೂ ಅಲ್ಲ. ಪ್ರೊಫೆಸರ್ ಬಿ.ಪಿ. ಅಡಾರ್ಕರ್ 1944ರಲ್ಲಿ ಕೊಟ್ಟ ವರದಿಯಿಂದ ಹುಟ್ಟಿದ, 1952ರಲ್ಲಿ ಕಾನ್ಪುರ ಮತ್ತು ದೆಹಲಿಯಲ್ಲಿ ಶುರುವಾದ ನೌಕರರ ರಾಜ್ಯ ವಿಮೆ (ಇಎಸ್‌ಐ) ಇದೇ ಕೆಲಸಕ್ಕೆ ಇರುವುದು. ಇಎಸ್‌ಐ ಎಂದರೆ ಆಸ್ಪತ್ರೆ ಎಂದು ಮಾತ್ರ ಜನಕ್ಕೆ ಗೊತ್ತು, ಅದು ಕೂಲಿಯನ್ನೂ ಕೊಡುತ್ತದೆ ಎಂಬುದು ಬಹಳ ಮಂದಿಗೆ ತಿಳಿದಿಲ್ಲ. ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಇದ್ದವರಿಗೆ ಕಾಯಿಲೆಯ ಕಾಲದಲ್ಲಿ ಸರಾಸರಿ ಕೂಲಿಯ ಶೇ 70ರಷ್ಟು, ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಕ್ಷಯ, ಕ್ಯಾನ್ಸರ್, ಪಾರ್ಶ್ವವಾಯು ಮೊದಲಾದ 34 ದೀರ್ಘ ಕಾಯಿಲೆಗಳಿಗೆ, ಎರಡು ವರ್ಷ ಸತತವಾಗಿ ದುಡಿದು ವಂತಿಗೆಯ ಷರತ್ತು ಪೂರೈಸಿದವರಿಗೆ, ಶೇ 80ರ ಲೆಕ್ಕದಲ್ಲಿ ಇನ್ನೂ ಹೆಚ್ಚು ಕಾಲ ಹಣ ಬರುತ್ತದೆ. ಮೂಲ ಕಾಯ್ದೆಯ 73ನೇ ಕಲಮು ಕಾಯಿಲೆಯ ಭತ್ಯೆ ಪಡೆಯುತ್ತಿರುವ ಅವಧಿಯಲ್ಲಿ ಕೆಲಸದಿಂದ ತೆಗೆಯುವುದನ್ನೇ ನಿಷೇಧಿಸಿತ್ತು. ಇಷ್ಟಕ್ಕೆ ತಗಲುವ ಖರ್ಚು? 2019ರ ಜುಲೈನಲ್ಲಿ ನಿಗದಿಯಾದ ದರ ಮಾಲೀಕರಿಗೆ ಶೇ 3.25, ಕಾರ್ಮಿಕರಿಗೆ ಶೇ 0.75. ತಿಂಗಳಿಗೆ 12,000 ರೂಪಾಯಿ ದುಡಿಯುವವನ ಕೈಯಿಂದ ಹೋಗುವುದು 90 ರೂಪಾಯಿ, ಮಾಲೀಕನಿಂದ 390. ದಿನಕ್ಕೆ 400 ರೂಪಾಯಿ ಸರಾಸರಿ ಕೂಲಿಯವನು ಹಾಸಿಗೆ ಹಿಡಿದರೆ ದಿನಕ್ಕೆ 280 ರೂಪಾಯಿ ಮನೆಗೆ ಬರುತ್ತದೆ.

ತೊಡಕು ಇರುವುದು 10 ಎಂಬ ಸಂಖ್ಯೆಯಲ್ಲಿ. ಹತ್ತು ಮಂದಿಗಿಂತ ಕಡಿಮೆ ಇರುವ ಘಟಕಕ್ಕೆ ಇಎಸ್‌ಐ ಕಡ್ಡಾಯವಲ್ಲ, ಸಣ್ಣ ಹೊಲಿಗೆ ಶೆಡ್ಡುಗಳೂ ಮನೆಯಲ್ಲೇ ಕೆಲಸ ಮಾಡುವವರೂ ಅಲ್ಲಿಯೇ ಹೊರಗುಳಿಯುತ್ತಾರೆ. ಹೊಸ ಸಾಮಾಜಿಕ ಭದ್ರತಾ ಸಂಹಿತೆ ಇಂಥ ಘಟಕಗಳು ಇಚ್ಛೆಪಟ್ಟರೆ ಸೇರಬಹುದು ಎಂದಿದೆ; ಮಾಲೀಕ ಒಪ್ಪಬೇಕು, ಬಹುಮತದ ಕಾರ್ಮಿಕರೂ ಒಪ್ಪಬೇಕು. ಬರೀ ಇಚ್ಛೆಗೆ ಬಿಟ್ಟರೆ ಯಾರು ಸೇರುತ್ತಾರೆ? ಬಳ್ಳಾರಿಯ ಜೀನ್ಸ್ ಜೊತೆ ದರದಲ್ಲಿ ಪೈಪೋಟಿ ಮಾಡಬೇಕಾದ ರಾಯದುರ್ಗದ ಸಣ್ಣ ಮಾಲೀಕ ತಾನೊಬ್ಬನೇ ಯಾಕೆ ತಲೆಗೆ 390 ರೂಪಾಯಿ ಮೇಲೆ ಹಾಕಿಕೊಳ್ಳಬೇಕು ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಅದಕ್ಕೇ ಮೊದಲ ಮೂರು ವರ್ಷ ಇಂಥ ಘಟಕಗಳ ಮಾಲೀಕರ ಪಾಲನ್ನು ರಾಜ್ಯ ಸರ್ಕಾರ ಕಟ್ಟಲಿ, ಆಮೇಲೆ ಕಡ್ಡಾಯ ಮಾಡಲಿ. ಹುಷಾರಿಲ್ಲದ ಕೆಲಸಗಾರನ ಭಾರ ಒಬ್ಬ ಮಾಲೀಕನ ಮೇಲೆ ಬೀಳದಂತೆ ಎಲ್ಲರ ಮೇಲೆ ಹಂಚುವುದಕ್ಕೇ ತಾನೆ ವಿಮೆ ಇರುವುದು. ಸಣ್ಣವನಿಗೆ ಅದು ದೊಡ್ಡವನಿಗಿಂತ ಹೆಚ್ಚು ಬೇಕು.

ಸುಳ್ಳು ಸರ್ಟಿಫಿಕೇಟ್ ತಂದು ಮನೆಯಲ್ಲಿ ಕೂರುತ್ತಾರೆ ಎಂಬುದು ಇನ್ನೊಂದು ಆಕ್ಷೇಪ. ಅಂಥವರು ಇಲ್ಲವೇ ಇಲ್ಲ ಎನ್ನುವುದು ಭೋಳೇತನವಾದೀತು. ಆದರೆ ಭತ್ಯೆ ಶೇ 70 ಮಾತ್ರ, ಹೊಸದಾಗಿ ಕಾಯಿಲೆ ಬಿದ್ದಾಗ ಮೊದಲ ಎರಡು ದಿನಕ್ಕೆ ಏನೂ ಇಲ್ಲ. ಸುಳ್ಳು ಹೇಳಿ ಕೂತವನು ದಿನಾ 120 ರೂಪಾಯಿ ಕೈಯಾರೆ ಕಳೆದುಕೊಳ್ಳುತ್ತಾನೆ. ಇದರ ಎದುರಿಗೆ ಮತ್ತೊಂದು ಬಗೆಯ ನಷ್ಟವನ್ನೂ ತೂಗಬೇಕು: ರಜೆಯಿಲ್ಲವೆಂದು ಕೆಮ್ಮುತ್ತಲೇ ಬಂದು ಕಿಟಕಿ ಕಡಿಮೆಯಿರುವ ಶೆಡ್ಡಿನಲ್ಲಿ ಅಕ್ಕಪಕ್ಕದವರ ಜೊತೆ ದಿನವಿಡೀ ಕೂರುವ ಕ್ಷಯರೋಗಿ. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಅವನಿಗೆ ತಿಂಗಳಿಗೆ 1,000 ರೂಪಾಯಿ ಬರುತ್ತದೆ, 2024ರ ನವೆಂಬರಿಗೆ ಮೊದಲು ಅದು 500 ಇತ್ತು. ಮೊಟ್ಟೆ, ಬೇಳೆಗೆಂದು ಕೊಡುವ ಆ ಹಣ ಬಾಡಿಗೆ ಕಟ್ಟುವುದಿಲ್ಲ.

‘ವಂತಿಗೆ ಕಟ್ಟಿಸಿಕೊಂಡು ದೂರದ ಆಸ್ಪತ್ರೆಗೆ ಅಲೆಸುತ್ತಾರೆ’ ಎಂಬ ದೂರಿನಲ್ಲಿ ಹುರುಳಿದೆ, ಅದನ್ನು ತಳ್ಳಿಹಾಕಲಾರೆ. ಹಾಗೆಂದು ಆಸ್ಪತ್ರೆ ಕಟ್ಟುವವರೆಗೆ ಭತ್ಯೆ ಕಾಯಬೇಕಾಗಿಲ್ಲ. ಕಣೇಕಲ್ಲಿನ ಸರ್ಕಾರಿ ವೈದ್ಯರು ಬರೆದುಕೊಟ್ಟ ಚೀಟಿಯನ್ನು ಅಲೆಸದೆ ಒಪ್ಪಿಕೊಂಡರೆ, ಅರ್ಜಿ ತುಂಬಲು ಕನ್ನಡ ಓದುವವರಿಗೂ ತಿಳಿಯುವ ಒಂದು ಪುಟ ಕೊಟ್ಟರೆ ಅರ್ಧ ಅಲೆದಾಟ ತಪ್ಪುತ್ತದೆ. ರಾಯದುರ್ಗ ತಾಲೂಕು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು, ಇಷ್ಟು ಕೇಳುವುದು ಅತಿಯಾಗದು.

ರಾಜ್ಯ ಸರ್ಕಾರಕ್ಕೆ ಈ ತರ್ಕ ಹೊಸದೂ ಅಲ್ಲ. 2019ರ ಡಿಸೆಂಬರಿನಲ್ಲಿ ಆಂಧ್ರ ಸರ್ಕಾರ ಆರೋಗ್ಯ ಆಸರಾ ಎಂಬ ಯೋಜನೆ ತಂದು, ಆರೋಗ್ಯಶ್ರೀಯಡಿ ಚಿಕಿತ್ಸೆ ಪಡೆದವರಿಗೆ ಚೇತರಿಕೆಯ ದಿನಗಳಿಗೆ ದಿನಕ್ಕೆ 225 ರೂಪಾಯಿ, ತಿಂಗಳಿಗೆ ಗರಿಷ್ಠ 5,000 ರೂಪಾಯಿ ಘೋಷಿಸಿತು. ಚಿಕಿತ್ಸೆ ಪುಕ್ಕಟೆಯಾದರೂ ದುಡಿಮೆ ನಿಂತ ದಿನಗಳಿಗೆ ಬೆಲೆ ಇದೆ ಎಂದು ಸರ್ಕಾರವೇ ಒಪ್ಪಿದಂತಾಯಿತು. ಆ ದಾರಿಯಲ್ಲಿ ನಿಂತು ನೋಡಿದರೆ ಹೊಲದ ಕೂಲಿಗೆ ಹೋಗುವವರಿಗೂ ಏನಾದರೂ ಮಾಡಬಹುದು. ಅವರಿಗೆ ಮಾಲೀಕನೊಬ್ಬನೆಂಬುದು ಇಲ್ಲದ್ದರಿಂದ ಇಎಸ್‌ಐ ಅವರನ್ನು ಮುಟ್ಟಲಾರದು. ಜೀನ್ಸ್ ಶೆಡ್ಡುಗಳ ವಿಷಯದಲ್ಲಿ ಅಂಥ ಕಷ್ಟವೇನೂ ಇಲ್ಲ. ಮಾಲೀಕ ಇದ್ದಾನೆ, ನೋಟ್‌ಬುಕ್ ಇದೆ, ಕಾನೂನು ಬಾಗಿಲನ್ನು ಅರ್ಧ ತೆರೆದಿದೆ. ಹತ್ತಕ್ಕಿಂತ ಕಡಿಮೆ ಮಂದಿಯ ಘಟಕಗಳ ಪಾಲಿನ ವಂತಿಗೆಗೆ ಮುಂದಿನ ಬಜೆಟ್ಟಿನಲ್ಲಿ ಹಣ ತೆಗೆದಿಡಿ ಎಂದು ರಾಯದುರ್ಗ, ಮಡಕಶಿರಾದ ಶಾಸಕರು ವಿಧಾನಸಭೆಯಲ್ಲಿ ಕೇಳಬೇಕು. ಅವರು ಕೇಳುವಂತೆ ಮಾಡಬೇಕಾದವರು ಇಲ್ಲಿನ ಮತದಾರರು.