ಬೆಂಕಿ ಕಟ್ಟಿದ ಮೆಟ್ಟಿಲುಗಳು

ಜ್ವಾಲಾಮುಖಿ ಎಂದೊಡನೆ ನಮ್ಮ ವಿದ್ಯಾರ್ಥಿಗಳ ಕಣ್ಣೆದುರು ನಿಲ್ಲುವುದು ಜಪಾನಿನ ಫ್ಯೂಜಿ ಪರ್ವತ. 3,776 ಮೀಟರು ಎತ್ತರದ ಆ ಶಿಖರವು ಕೊನೆಯ ಬಾರಿ ಸಿಡಿದುದು 1707ರಲ್ಲಿ. ಪ್ರತಿ ಬೇಸಿಗೆಯಲ್ಲೂ ಸಾವಿರಾರು ಜನರು ಅದನ್ನು ಏರುತ್ತಾರೆ. ಇದು ತಿಳಿಯತಕ್ಕ ವಿಷಯವೇ ಸರಿ. ಆದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ವಿದ್ಯಾರ್ಥಿಯು ಜ್ವಾಲಾಮುಖಿಯನ್ನು ಪರದೇಶದ ವಸ್ತುವೆಂದು ಭಾವಿಸುವುದಾದರೆ, ಅವನು ಪಡೆದ ಭೂಗೋಳಶಿಕ್ಷಣವು ಅಪೂರ್ಣವೆಂದೇ ನಮ್ಮ ಅಭಿಪ್ರಾಯ.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪಶ್ಚಿಮ ಭಾರತದಲ್ಲಿ ನೆಲವು ಉದ್ದುದ್ದವಾಗಿ ಬಿರಿದು, ಲಾವಾರಸವು ಮತ್ತೆ ಮತ್ತೆ ಹೊರಚೆಲ್ಲಿತು. ಬಸಾಲ್ಟ್ ಲಾವಾದಲ್ಲಿ ಸಿಲಿಕಾ ಕಡಿಮೆ; ಆದುದರಿಂದ ಅದರ ಸ್ನಿಗ್ಧತೆಯೂ ಕಡಿಮೆ. ಸಾವಿರ ಡಿಗ್ರಿ ಸೆಂಟಿಗ್ರೇಡಿಗೂ ಮೀರಿದ ಉಷ್ಣತೆಯ ಆ ದ್ರವವು ಬಹುದೂರ ಹರಿದು, ಪದರದ ಮೇಲೆ ಪದರವಾಗಿ ಹೆಪ್ಪುಗಟ್ಟಿತು. ಇಂದು ಉಳಿದಿರುವ ಭಾಗವೇ ಸುಮಾರು 5 ಲಕ್ಷ ಚದರ ಕಿಲೋಮೀಟರು. ಅದರ ದಕ್ಷಿಣದ ಅಂಚು ನಮ್ಮ ಸೀಮೆಯಲ್ಲಿದೆ. ಇನ್ನೂ ದಕ್ಷಿಣಕ್ಕೆ ಸರಿದಂತೆ ಅದಕ್ಕಿಂತ ಬಹು ಪ್ರಾಚೀನವಾದ ಕಲಾದಗಿಯ ಶಿಲೆಗಳು ತಲೆಯೆತ್ತುತ್ತವೆ. ಈ ಸೀಮೆಯ ಶಿಲೆಗಳನ್ನು ಕುರಿತ ರಾಬರ್ಟ್ ಬ್ರೂಸ್ ಫೂಟ್ ಅವರ ಗ್ರಂಥವು 1876ರಲ್ಲಿಯೇ ಪ್ರಕಟವಾಯಿತು.

ಈ ಶಿಲಾರಾಶಿಯ ನಿಜವಾದ ಎತ್ತರವನ್ನು ಕಾಣಬೇಕಾದರೆ ಸಹ್ಯಾದ್ರಿಗೆ ಹೋಗಬೇಕು. ಮಹಾರಾಷ್ಟ್ರದ ಅತ್ಯುನ್ನತ ಶಿಖರವಾದ ಕಳಸೂಬಾಯಿಯ ಎತ್ತರ 1,646 ಮೀಟರು. ಬಾರಿ ಎಂಬ ಹಳ್ಳಿಯಿಂದ ಏರುವ ದಾರಿಯಲ್ಲಿ ಕಡಿದಾದೆಡೆ ಕಬ್ಬಿಣದ ಏಣಿಗಳಿವೆ; ತುದಿಯಲ್ಲಿ ದೇವಿಯ ಗುಡಿಯಿದೆ. ಇದು ಫ್ಯೂಜಿಯಂತೆ ತಾನೇ ಉಕ್ಕಿ ಬೆಳೆದ ಶಂಕುವಲ್ಲ. ಲಾವಾದ ಪ್ರಸ್ಥಭೂಮಿಯನ್ನು ಮಳೆ, ಹೊಳೆಗಳು ಕೊರೆದಾಗ ಉಳಿದ ಭಾಗ. ಅದರ ಇಳಿಜಾರು ಮೆಟ್ಟಿಲು ಮೆಟ್ಟಿಲಾಗಿದೆ. ಇಂಥ ಶಿಲೆಗೆ ಬಂದಿರುವ ‘ಟ್ರ್ಯಾಪ್’ ಎಂಬ ಹೆಸರಿನ ಮೂಲವೂ ಮೆಟ್ಟಿಲೆಂಬರ್ಥದ ಸ್ವೀಡಿಷ್ ಪದವೇ. ಸಹ್ಯಾದ್ರಿಯ ಪದರಗಳ ನಡುವೆ ಅಲ್ಲಲ್ಲಿ ಕೆಂಪು ಮಣ್ಣಿನ ಪಟ್ಟೆಗಳು ಕಾಣುತ್ತವೆ. ಒಂದು ಪ್ರವಾಹ ಆರಿ, ಶಿಲೆ ಶಿಥಿಲವಾಗಿ ಮಣ್ಣಾಗುವಷ್ಟು ಕಾಲ ಕಳೆದ ಮೇಲೆಯೇ ಮುಂದಿನ ಪ್ರವಾಹ ಬಂದಿತೆಂಬುದಕ್ಕೆ ಅವು ಸಾಕ್ಷಿ.

ಇಷ್ಟನ್ನು ಅರಿತು ನಮಗಾಗುವ ಪ್ರಯೋಜನವೇನೆಂದು ಕೆಲವರು ಕೇಳಬಹುದು. ಉತ್ತರವು ನಮ್ಮ ಹೊಲಗಳಲ್ಲಿಯೇ ಇದೆ. ಹತ್ತಿ, ಜೋಳಗಳನ್ನು ಬೆಳೆದ ನಮ್ಮ ಎರೆಮಣ್ಣು ಬಹುಮಟ್ಟಿಗೆ ಆ ಶಿಲೆ ಶಿಥಿಲವಾಗಿ ಆದುದು. ಅದರ ಜೇಡಿಯ ಕಣಗಳು ನೀರುಂಡು ಉಬ್ಬುತ್ತವೆ, ಒಣಗಿದಾಗ ಬಿರಿಯುತ್ತವೆ. ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ, ಸುಲಭವಾಗಿ ಬಸಿಯಗೊಡುವುದಿಲ್ಲ. ಇದನ್ನರಿಯದೆ ಕಬ್ಬಿಗೆ ಮಿತಿಮೀರಿ ನೀರು ಹಾಯಿಸಿದರೆ ಲವಣವು ಮೇಲೇರಿ ಭೂಮಿ ಸವುಳಾಗುತ್ತದೆ. ಕೃಷ್ಣಾ, ಘಟಪ್ರಭೆಗಳ ನೀರಾವರಿ ಪ್ರದೇಶದಲ್ಲಿ ಈ ಹಾನಿಯನ್ನು ಕಣ್ಣಾರೆ ಕಾಣಬಹುದು. ಒಂದು ಅಂಗುಲ ಮಣ್ಣಾಗಲು ನೂರಾರು ವರ್ಷಗಳು ಬೇಕು. ಅದನ್ನು ಕೆಡಿಸಲು ಒಂದು ತಲೆಮಾರು ಸಾಕು.

ಆದುದರಿಂದ ನಮ್ಮ ಶಾಲೆ ಕಾಲೇಜುಗಳ ಪ್ರವಾಸವು ಗುಡಿ, ಕೋಟೆಗಳ ದರ್ಶನದಲ್ಲಿಯೇ ಮುಗಿಯಬಾರದು. ವರ್ಷಕ್ಕೊಮ್ಮೆಯಾದರೂ ಅಧ್ಯಾಪಕರು ವಿದ್ಯಾರ್ಥಿಗಳನ್ನು ಇಂಥದೊಂದು ಬೆಟ್ಟಕ್ಕೆ ಕರೆದೊಯ್ದು, ಪದರಗಳನ್ನು ಎಣಿಸಿ ಬರೆಯಿಸಲಿ. ಅಷ್ಟು ದೂರ ಹೋಗಲಾಗದವರು ಊರ ಬಾವಿಯ ಗೋಡೆಯನ್ನೋ ಹಳ್ಳದ ದಂಡೆಯನ್ನೋ ಪರೀಕ್ಷಿಸಲಿ. ನಾಳೆ ಈ ಹೊಲಗಳಿಗೆ ನೀರು ಹಾಯಿಸಬೇಕಾದವರು ಇಂದಿನ ವಿದ್ಯಾರ್ಥಿಗಳೇ ಅಲ್ಲವೆ?