ಓದಿದ ಪತ್ರ ಎಲ್ಲಿ ಹೋಯಿತು?

ತ್ಯಾಗರಾಜನಗರದ ಮನೆಯ ಕಂಪ್ಯೂಟರಿನಲ್ಲಿ ಬೆಳಿಗ್ಗೆ ಓದಿದ ಇ-ಮೇಲ್, ರಾತ್ರಿ ಧಾರವಾಡ ತಲುಪಿ ಲ್ಯಾಪ್‌ಟಾಪ್ ತೆರೆದರೆ ಕಾಣುವುದಿಲ್ಲ. ಮರುದಿನದ ಸಂದರ್ಶನದ ವಿಳಾಸ ಅದರಲ್ಲೇ ಇದೆ! ಪತ್ರ ಕದ್ದವರಾರು?

ಯಾರೂ ಅಲ್ಲ. ‘ಪಾಪ್’ ಎಂಬ ಹಳೆಯ ಪದ್ಧತಿ, ಅಂಚೆ ಕಚೇರಿಯ ಪೆಟ್ಟಿಗೆ ಬರಿದು ಮಾಡಿ ಪತ್ರಗಳನ್ನೆಲ್ಲ ಮನೆಗೆ ತಂದಂತೆ. ಇಳಿಸಿಕೊಂಡ ಪತ್ರವನ್ನು ಅದು ಸರ್ವರಿನಿಂದ ಅಳಿಸಿಬಿಡಬಹುದು. ದೂರವಾಣಿ ತಂತಿಯಲ್ಲಿ ನಿಮಿಷ ಎಣಿಸುತ್ತಿದ್ದ ಕಾಲಕ್ಕೆ ಅದೇ ಮಿತವ್ಯಯ.

ಮಾರ್ಕ್ ಕ್ರಿಸ್ಪಿನ್ 1986ರಲ್ಲಿ ರೂಪಿಸಿದ ‘ಐಮ್ಯಾಪ್’ ಬೇರೆ ಬಗೆಯದು. ಇಲ್ಲಿ ಮೂಲಪತ್ರ ಸರ್ವರಿನಲ್ಲೇ ಇರುತ್ತದೆ. ಮನೆಯಲ್ಲಾಗಲಿ ಪರವೂರಿನಲ್ಲಾಗಲಿ ಕಾಣುವುದು ಅದೇ ಪತ್ರ. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಅವರಿಗೂ ಇಂಥದೇ ತೊಡಕು: ಕಚೇರಿಯಲ್ಲಿ ಸ್ವಂತ ಪತ್ರ ಓದಲಾಗುತ್ತಿರಲಿಲ್ಲ. ಜ್ಯಾಕ್ ಸ್ಮಿತ್ ಜೊತೆಗೂಡಿ ಅವರು 1996ರ ಜುಲೈ 4ರಂದು ಆರಂಭಿಸಿದ ಹಾಟ್‌ಮೇಲ್, ಯಾವ ಕಂಪ್ಯೂಟರಿನ ಬ್ರೌಸರಿನಲ್ಲಾದರೂ ಅಂಚೆ ತೆರೆಯುವ ದಾರಿ ತೋರಿತು.

ಆದರೆ ಎಚ್ಚರ! ಐಮ್ಯಾಪ್‌ನಲ್ಲಿ ಒಂದು ಕಡೆ ಅಳಿಸಿದ್ದು ಎಲ್ಲ ಕಡೆಯೂ ಅಳಿಯುತ್ತದೆ. ಪಾಪ್ ಬಳಸುವವರು ‘ಸರ್ವರಿನಲ್ಲಿ ಪ್ರತಿ ಉಳಿಸು’ ಎಂಬ ಆಯ್ಕೆಯನ್ನು ಗುರುತು ಹಾಕಿಯೇ ಊರಿಗೆ ಹೊರಡಬೇಕು. ಮುಖ್ಯವಾದ ವಿಳಾಸವನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡರೆ ಅದಕ್ಕೆ ಯಾವ ಸರ್ವರೂ ಬೇಡ.